ಹಾರರ್ ಸಿನಿಮಾದ ದೊಡ್ಡ ದೆವ್ವ ಯಾವ್ದು? ವಾದ ಕೆಡದಂಗ ಮಾಡೋದು ಹೆಂಗ ಅಂತ ಹುಬ್ಬಳ್ಳಿ ಮಂದಿಗೊಂದು ಗೈಡ್

ನಮ್ಮ ಹುಬ್ಬಳ್ಳಿ-ಧಾರವಾಡದಾಗ ನಾಕ ಮಂದಿ ಕೂತ್ರ ವಾದ ಹುಟ್ಟೋದೇನ್ ಹೊಸಾದಲ್ಲ, ಕ್ರಿಕೆಟ್ ಮ್ಯಾಲೆ ಆಗ್ತೈತಿ, ರಾಜಕೀಯದ ಮ್ಯಾಲೆ ಆಗ್ತೈತಿ, ಯಾವ ಖಾನಾವಳಿ ರೊಟ್ಟಿ ಚೊಲೊ ಅನ್ನೋದರ ಮ್ಯಾಲೆ ಅಂತೂ ರಾತ್ರಿ ಪೂರಾ ಆಗ್ತೈತಿ. ಆದ್ರ ಹಾರರ್ ಸಿನಿಮಾದ ದೆವ್ವ, ರಾಕ್ಷಸ, ಕೊಲೆಗಾರ ಇವರೊಳಗ ಎಲ್ಲಾರಕಿಂತ ದೊಡ್ಡಾಂವ ಯಾರು ಅಂತ ಶುರು ಆತಂದ್ರ ಹತ್ತ ನಿಮಿಷದಾಗ ಕೆಟ್ಟ ಹೋಗ್ತೈತಿ. ಒಬ್ಬಾಂವ "ನಂಗ ಅನಾಬೆಲ್ ನೋಡಿ ನಿದ್ದಿ ಬರ್ಲಿಲ್ಲ" ಅಂತಾನ, ಇನ್ನೊಬ್ಬಾಂವ "ಅದೇನ್ ಗೊಂಬಿ ಬಿಡೋ ಮಾರಾಯಾ" ಅಂತಾನ, ಮೂರನೇದಾಂವ ಫೋನ್ ತಗೊಂಡು ಕೂತಬಿಡ್ತಾನ, ಅಲ್ಲಿಗೆ ಮುಗೀತು. ಹಿಂಗ ಕೆಡಬಾರದು ಇದು. ಬರೋಬ್ಬರಿ ಮಾಡಿದ್ರ ಒಂದ ಸಂಜಿಯೊಳಗ ನೂರ ವರ್ಷದ ಸಿನಿಮಾ ಕಣ್ಣ ಮುಂದ ಬಂದ ಹೋಗ್ತಾವು, ಅಷ್ಟ ಮಾಲ್ ಐತಿ ಇದರಾಗ. ಅದಕ್ಕ ಹೆಂಗ ಮಾಡ್ಬೇಕು ಅಂತ ಬರೀತೇನಿ.

ಮೊದಲ ಪ್ರಶ್ನಿ ಗಟ್ಟಿ ಮಾಡ್ಕೋರಿ. "ಯಾವ್ದು ಭಾಳ ಹೆದರಸ್ತೈತಿ" ಅಂತ ಕೇಳಬ್ಯಾಡ್ರಿ. ಹೆದರಿಕಿ ಅನ್ನೋದು ಒಬ್ಬೊಬ್ಬರದು ಒಂದೊಂದ ನಮೂನಿ, ಒಬ್ಬಾಂವಗ ಗೊಂಬಿ ಕಂಡ್ರ ಮೈ ಜುಂ ಅಂತೈತಿ, ಇನ್ನೊಬ್ಬಾಂವಗ ನೀರು, ಮತ್ತೊಬ್ಬಾಂವಗ ಏನೂ ಇಲ್ಲ, ಇದರ ಮ್ಯಾಲೆ ವಾದ ಮಾಡಾಕ ಬರೂದಿಲ್ಲ, ಯಾಕಂದ್ರ "ನಂಗ ಹೆದರಿಕಿ ಆತು" ಅಂದಾಂವಗ ನೀವು ಇಲ್ಲ ಆಗಿಲ್ಲ ಅಂತ ಹೆಂಗ ಹೇಳ್ತೀರಿ? ಕೇಳಬೇಕಾದ ಪ್ರಶ್ನಿ ಇದು: ಆ ಸಿನಿಮಾ ನೋಡದೇ ಇದ್ದಾಂವಗೂ ಗೊತ್ತಿರೋ ದೆವ್ವ ಯಾವ್ದು? ಇದನ್ನ ಪರೀಕ್ಷಾ ಮಾಡಾಕ ಬರ್ತೈತಿ, ಸೋಲಾಕ ಬರ್ತೈತಿ, ಗೆಲ್ಲಾಕೂ ಬರ್ತೈತಿ.

ಅದಕ್ಕ ಜಡ್ಜ್ ಯಾರಂದ್ರ ಹಾರರ್ ಸಿನಿಮಾ ನೋಡದೇ ಇರೋ ಮನಶ್ಯಾನ ಆಗಬೇಕು. ಇದು ಈ ಗೈಡ್‌ದಾಗ ನಾ ಹೇಳೋ ಎಲ್ಲಾದರಕಿಂತ ಮುಖ್ಯದ ಮಾತು. ಎಲ್ಲಾರೂ ಸಿನಿಮಾ ಹುಚ್ಚರನ್ನ ಕೂಡಸಿಕೊಂಡ್ರ ಒಬ್ಬರಕಿಂತ ಒಬ್ಬರು ಯಾರಿಗೂ ಗೊತ್ತಿಲ್ಲದ ಹೆಸರು ತಗೀತಾರ, ಜಾಣತನ ತೋರ್ಸೋದಾಗ ಹೊತ್ತ ಹೋಗ್ತೈತಿ. ಅವ್ವ ಆಗಬಹುದು, ಕಾಕಾ ಆಗಬಹುದು, "ಅಂಥಾ ಸಿನಿಮಾ ನಾ ನೋಡಂಗಿಲ್ಲಪಾ" ಅನ್ನೋ ಗೆಳ್ಯಾ ಆಗಬಹುದು. ಅವರಿಗೆ ಹೆಸರು ಹೇಳಿ ಕೇಳಬ್ಯಾಡ್ರಿ, ಚಿತ್ರ ತೋರ್ಸಿ, ಸೌಂಡ್ ಕೇಳ್ಸಿ ಕೇಳ್ರಿ. ಹೆಂಗ ಅನ್ನೋದು ಮುಂದ ಹೇಳ್ತೇನಿ.

ಜಾಗಾ ಉಣಕಲ್ ಕೆರಿ ದಂಡಿ ಆದ್ರೂ ನಡೀತೈತಿ, ಧಾರವಾಡದವರಿಗೆ ಸಾಧನಕೇರಿ ಐತಿ, ಗದಗ ಹಾವೇರಿ ಕಡೆ ಹಳ್ಳಿಯೊಳಗ ಗುಡಿ ಕಟ್ಟಿ ಐತಿ, ಮನಿ ಮಾಳಿಗಿ ಆದ್ರ ಇನ್ನೂ ಚೊಲೊ. ಐದಾರ ಮಂದಿ ಸಾಕು, ಹತ್ತ ಮಂದಿ ಆದ್ರ ಗದ್ದಲ. ಗಿರಮಿಟ್ ಮಿರ್ಚಿ ಮೊದಲ ತರ್ಸಿ ಇಟ್ಕೋರಿ, ನಡುವ ಯಾರರ ಎದ್ದ ಹೋದ್ರ ವಾದದ ಎಳಿ ಹರೀತೈತಿ. ಇಷ್ಟ ಸಾಕು ತಯಾರಿ.

ಇನ್ನ ಗಡಿ. ಯಾರು ಒಳಗ ಯಾರು ಹೊರಗ ಅಂತ ಐದ ನಿಮಿಷದಾಗ ತೀರ್ಮಾನ ಮಾಡ್ರಿ, ಇಲ್ಲಂದ್ರ ಅರ್ಧಾ ವಾದ ಇದರಾಗ ಹೋಗ್ತೈತಿ. 1975ರ ಜಾಸ್ ಸಿನಿಮಾದ ಶಾರ್ಕ್ ಬರೇ ಮೀನು, ಅದು ಲೆಕ್ಕಕ್ಕ ಬರ್ತೈತೇನು? ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್ ಸಿನಿಮಾದಾಗಿನ ನರಭಕ್ಷಕ ಡಾಕ್ಟರ್ ಹನಿಬಾಲ್ ಲೆಕ್ಟರ್ ಮನಶ್ಯಾ, ಆಂವ ದೆವ್ವ ಅಲ್ಲ, ಬರ್ತಾನೇನು? ನನ್ನ ಪ್ರಕಾರ ಸಿನಿಮಾ ನೋಡೋರನ್ನ ಹೆದರ್ಸಾಕ ಅಂತ ಮಾಡಿರಬೇಕು, ಆ ಹೆದರಿಕಿ ಈ ಪಾತ್ರದಿಂದ ಬರಬೇಕು, ಅಷ್ಟ ಆತಂದ್ರ ಮೀನಾದ್ರೂ ಸೈ ಮನಶ್ಯಾನಾದ್ರೂ ಸೈ. ಈ ಲೆಕ್ಕದಾಗ ಶಾರ್ಕ್ ಒಳಗ, ಲೆಕ್ಟರ್ ಒಳಗ. ಹೆಸರಿನಾಗ ಭೂತ ಐತಿ ಅಂತ ಯಾರರ ಭೂತಯ್ಯನ್ನ ತಂದ್ರ ಆಂವ ಹೊರಗ, ಯಾಕಂದ್ರ 1974ರ ಭೂತಯ್ಯನ ಮಗ ಅಯ್ಯು ಸಿನಿಮಾದಾಗ ಎಂ.ಪಿ. ಶಂಕರ್ ಮಾಡಿದ ಪಾತ್ರ ಊರಿಗೆ ಊರನ್ನ ನಡಗಿಸೋ ಸಾಹುಕಾರಂದು, ಪಾತ್ರ ಅಂದ್ರ ಪಾತ್ರ, ಆದ್ರ ಸಿನಿಮಾ ಹಾರರ್ ಅಲ್ಲ.

ಈಗ ಪರೀಕ್ಷಾ. ಗಿರಮಿಟ್ ಕಟ್ಟಿ ಕೊಟ್ಟಿರ್ತಾರಲ್ಲ, ಆ ರದ್ದಿ ಪೇಪರ್ ಅಂಚಿನಾಗ ಜಾಗಾ ಇರ್ತೈತಿ, ಒಂದ್ ಪೆನ್ ತಗೋರಿ, ನಾಕ್ ಗೆರಿಯೊಳಗ ನಿಮ್ಮ ದೆವ್ವನ್ನ ಬರೀರಿ, ಜಡ್ಜ್ ಮುಂದ ಇಡ್ರಿ. ನೀವು ಚೊಲೊ ಚಿತ್ರ ಬರಿಯೋದು ಬ್ಯಾಡ, ಕೆಟ್ಟ ಚಿತ್ರಾ ಇದ್ರೂ ಗುರುತು ಸಿಗಬೇಕು, ಅದೇ ಪರೀಕ್ಷಾ. ಇಲ್ಲಿ ಫ್ರಾಂಕೆನ್‌ಸ್ಟೈನ್ ರಾಕ್ಷಸಗ ಸಮ ಯಾರೂ ಇಲ್ಲ. ಮ್ಯಾಲೆ ಒಂದ್ ಅಡ್ಡ ಗೆರಿ, ಚಪ್ಪಟ್ ತೆಲಿ, ಕುತ್ತಿಗಿ ಎಡಕ ಬಲಕ ಎರಡ ಬೋಲ್ಟ್, ಮುಗೀತು. ಸ್ವಲ್ಪ ತಡದು ಇದನ್ನ ನೋಡ್ರಿ, ಯಾಕಂದ್ರ ಈ ಮಾರಿ ಪುಸ್ತಕದಾಗ ಇಲ್ಲ. ಮೇರಿ ಶೆಲ್ಲಿ 1818ರಾಗ ಬರದ ಕಾದಂಬರಿಯೊಳಗ ಆ ಜೀವಿಗೆ ಉದ್ದ ಕರೀ ಕೂದ್ಲ ಅದಾವು, ಹಳದಿ ಚರ್ಮ ಐತಿ, ಬೆಳ್ಳನ ಹಲ್ಲ ಅದಾವು, ಅದು ಪುಸ್ತಕ ಓದ್ತೈತಿ, ಭಾಷಣ ಮಾಡಿದಂಗ ಮಾತಾಡ್ತೈತಿ. ಚಪ್ಪಟ್ ತೆಲಿ, ಬೋಲ್ಟ್, ಭಾರಾದ ರೆಪ್ಪಿ ಎಲ್ಲಾ 1931ರ ಸಿನಿಮಾಕ್ಕ ಮೇಕಪ್ ಮಾಡಿದ ಜ್ಯಾಕ್ ಪಿಯರ್ಸ್ ಕೈಯಾಗ ಹುಟ್ಟಿದ್ದು, ಅದನ್ನ ಹೊತ್ತಾಂವ ಬೋರಿಸ್ ಕಾರ್ಲಾಫ್. ಸಿನಿಮಾ ಶುರುವಿನಾಗ ಕಲಾವಿದರ ಹೆಸರು ಬರ್ತಾವಲ್ಲ, ಅಲ್ಲಿ ಆ ರಾಕ್ಷಸನ ಪಾತ್ರದ ಮುಂದ ಕಾರ್ಲಾಫ್ ಹೆಸರಿಲ್ಲ, ಬರೇ ಒಂದ್ ಪ್ರಶ್ನಾರ್ಥಕ ಚಿಹ್ನಿ ಹಾಕ್ಯಾರ. ಒಬ್ಬ ಮೇಕಪ್‌ದಾಂವ ಮಾಡಿದ ಮಾರಿ ಮೂಲ ಪುಸ್ತಕದ ಮಾರಿನ್ನ ಅಳಿಸಿ ಹಾಕಿಬಿಟ್ಟೈತಿ ಅಂದ್ರ ಅದರ ತಾಕತ್ತು ಎಷ್ಟಿರಬೇಕು ವಿಚಾರ ಮಾಡ್ರಿ.

ಇದೇ ಪರೀಕ್ಷಾದಾಗ ದೊಡ್ಡ ದೊಡ್ಡಾವು ಬೀಳ್ತಾವು. 1973ರ ಎಕ್ಸಾರ್ಸಿಸ್ಟ್ ಎಂಥಾ ಸಿನಿಮಾ, ಹಾರರ್ ಸಿನಿಮಾ ಒಂದು ಆಸ್ಕರ್‌ನ ಬೆಸ್ಟ್ ಪಿಕ್ಚರ್ ಪಟ್ಟಿಯೊಳಗ ಹೋಗಿದ್ದು ಅದರಿಂದ ಶುರು, ಆದ್ರ ಅದರಾಗಿನ ದೆವ್ವನ ಹೆಸರು ಪಜೂಜು ಅಂತ ಸಿನಿಮಾ ನೋಡಿದ ಮಂದಿಗೇ ನೆನಪಿರೂದಿಲ್ಲ, ಅದನ್ನ ಬರೀರಿ ಅಂದ್ರ ಏನ್ ಬರೀತೀರಿ? ಮಂದಿಗೆ ನೆನಪಿರೋದು ಆ ಹುಡುಗಿ ತೆಲಿ ತಿರುಗೋದು. ಹಂಗಾದ್ರ ಇಲ್ಲಿ ಗೆದ್ದಿದ್ದು ದೆವ್ವೋ ಹುಡುಗಿಯೋ ಅಂತ ಒಂದು ಒಳ್ಳೇ ಉಪವಾದ ಸಿಗ್ತೈತಿ, ಆದ್ರ ಅದರಾಗ ಭಾಳ ಹೊತ್ತ ಕಳೀಬ್ಯಾಡ್ರಿ.

ಎರಡನೇ ಪರೀಕ್ಷಾ ಸೌಂಡ್. ಜಡ್ಜ್ ಕಣ್ಣ ಮುಚ್ಚಿಸಿ ಫೋನಿನಾಗ ಐದೇ ಸೆಕೆಂಡ್ ಕೇಳಸ್ರಿ. ಜಾಸ್ ಸಂಗೀತ ಜಾನ್ ವಿಲಿಯಮ್ಸ್ ಮಾಡಿದ್ದು, ಎರಡ ಸ್ವರ, ಅಷ್ಟ. ಯಾಂತ್ರಿಕ ಶಾರ್ಕ್ ಸಮುದ್ರದ ಉಪ್ಪ ನೀರಿನಾಗ ಮ್ಯಾಲಿಂದ ಮ್ಯಾಲೆ ಕೆಡ್ತಿತ್ತು, ಅದಕ್ಕ ಸ್ಪೀಲ್‌ಬರ್ಗ್ ಮೀನು ತೋರ್ಸೋದು ಕಮ್ಮಿ ಮಾಡಿ ಆ ಎರಡ ಸ್ವರದಿಂದನ ಕೆಲಸಾ ತಗೊಂಡ, ಹಿಂಗಾಗಿ ಆ ಸಿನಿಮಾದ ವಿಲನ್ ಅರ್ಧಾ ಕಿವಿಯಾಗ ಐತಿ. 1960ರ ಸೈಕೋದಾಗ ಬಾತ್‌ರೂಮ್ ಸೀನ್‌ಗೆ ಮ್ಯೂಸಿಕ್ಕ ಬ್ಯಾಡ ಅಂದಿದ್ದ ಹಿಚ್‌ಕಾಕ್, ಬರ್ನಾರ್ಡ್ ಹೆರ್‌ಮನ್ ಆ ಕಿರಚೋ ಪಿಟೀಲು ಮಾಡಿ ಕೇಳ್ಸಿದ ಮ್ಯಾಲೆ ಒಪ್ಪಿಕೊಂಡ, ಇವತ್ತಿಗೂ ಯಾರರ ಚಾಕು ಎತ್ತಿದಂಗ ಆಕ್ಟಿಂಗ್ ಮಾಡಿದ್ರ ಬಾಯಿಂದ ಅದೇ ಸೌಂಡ್ ಬರ್ತೈತಿ, ಸೈಕೋ ನೋಡದ ಹುಡುಗೂರ ಬಾಯಿಂದನೂ. ಗಾಡ್ಜಿಲ್ಲಾನ್ನ ತರೋರಿದ್ರ ಅದರ ಕೂಗು ತರ್ರಿ, 1954ರಾಗ ಸಂಗೀತಗಾರ ಅಕಿರಾ ಇಫುಕುಬೆ ಡಬಲ್ ಬಾಸ್ ವಾದ್ಯದ ತಂತಿ ಸಡಿಲ ಮಾಡಿ ಅದರ ಮ್ಯಾಲೆ ಚರ್ಮದ ಕೈಗವಸು ತಿಕ್ಕಿ ತಗದಿದ್ದು ಅದು.

ಮೂರನೇದು ನಟ ಬದಲಾದ್ರೂ ಪಾತ್ರ ನಿಲ್ತೈತೋ ಇಲ್ಲೋ. ಇಲ್ಲಿ ಡ್ರಾಕುಲಾ ರಾಜಾ. 1931ರಾಗ ಬೇಲಾ ಲುಗೋಸಿ ಮಾಡಿದಾಗ ಚೂಪ ಹಲ್ಲ ತೋರ್ಸೇ ಇಲ್ಲ, ಕೋಟು, ಕಣ್ಣು, ಆ ತಡದು ತಡದು ಆಡೋ ಮಾತು, ಅಷ್ಟರಾಗ ಮುಗಿಸ್ಯಾನ. 1958ರಾಗ ಕ್ರಿಸ್ಟೋಫರ್ ಲೀ ಬಂದು ಹಲ್ಲು, ಕೆಂಪ ಕಣ್ಣು, ಕಲರ್‌ನಾಗ ರಕ್ತ ಎಲ್ಲಾ ತಂದ. ಈಗ ನಮ್ಮ ತೆಲಿಯೊಳಗಿರೋ ಡ್ರಾಕುಲಾ ಇವರಿಬ್ಬರನ್ನೂ ಕೂಡಿಸಿ ಮಾಡಿದಾಂವ, ಆಮ್ಯಾಲೆ ಯಾರ ಬಂದ್ರೂ ಆ ಕೋಟಿನೊಳಗ ಹೊಂದಿಕೊಳ್ತಾರ. ಇದಕ್ಕ ಉಲ್ಟಾ ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್ ಸಿನಿಮಾದ ಫ್ರೆಡ್ಡಿ ಕ್ರೂಗರ್, ಮಲಗಿದವರ ಕನಸಿನಾಗ ಬಂದು ಕೊಲ್ಲಾಂವ. 1984ರಿಂದ 2003ರ ತನಕಾ ಎಂಟ ಸಿನಿಮಾದಾಗ ರಾಬರ್ಟ್ ಇಂಗ್ಲಂಡ್ ಒಬ್ಬನ ಮಾಡ್ಯಾನ, 2010ರಾಗ ಬ್ಯಾರೇದಾಂವ ಮಾಡಿದ, ಮಂದಿ ಮನಸಿಗೆ ಹತ್ತಲಿಲ್ಲ. ಫ್ರೆಡ್ಡಿ ಪರ ಇರೋರಿಗೆ ಇದು ಕಷ್ಟದ ಪ್ರಶ್ನಿ, ಮೊದಲ ಉತ್ತರ ತಯಾರ ಮಾಡ್ಕೊಂಡ್ ಬರ್ರಿ. ಅವರ ಕೈಯಾಗ ಇರೋ ದೊಡ್ಡ ಅಸ್ತ್ರ ಅಂದ್ರ ನಿದ್ದಿ: ಆಗ್ನೇಯ ಏಷ್ಯಾದಿಂದ ಅಮೆರಿಕಾಕ್ಕ ಬಂದ ನಿರಾಶ್ರಿತರೊಳಗ ಕೆಲವರು ನಿದ್ದಿಯೊಳಗ ತೀರಕೊಂಡ ಸುದ್ದಿ ಪೇಪರ್‌ನಾಗ ಓದಿ ನಿರ್ದೇಶಕ ವೆಸ್ ಕ್ರೇವನ್ ಈ ಕಥಿ ಹೆಣದಿದ್ದು. ಬ್ಯಾರೆ ದೆವ್ವ ಬಂದ್ರ ಓಡಾಕ ಬರ್ತೈತಿ, ನಿದ್ದಿ ಬಿಟ್ಟ ಎಲ್ಲಿಗೆ ಓಡ್ತೀರಿ? ಈ ಒಂದ್ ಮಾತಿನ ಮ್ಯಾಲೆ ಫ್ರೆಡ್ಡಿ ಸೆಮಿಫೈನಲ್ ತನಕಾ ಬರಬಹುದು.

ಮುಖವಾಡ ಇದ್ದೋರಿಗೆ ನಟ ಬದಲಾದ್ರ ಚಿಂತಿ ಇಲ್ಲ. 1978ರ ಹ್ಯಾಲೋವೀನ್ ಸಿನಿಮಾದಾಗ ಕೊಲೆಗಾರ ಮೈಕಲ್ ಮೈಯರ್ಸ್ ಹಾಕ್ಕೊಂಡ ಮುಖವಾಡ ಅಂಗಡಿಯೊಳಗ ಅಗ್ಗಕ್ಕ ತಂದಿದ್ದು, ಸ್ಟಾರ್ ಟ್ರೆಕ್‌ನ ಕ್ಯಾಪ್ಟನ್ ಕರ್ಕ್, ಅಂದ್ರ ವಿಲಿಯಂ ಶ್ಯಾಟ್ನರ್ ಮಾರಿ ಅದು. ಹುಬ್ಬು ಕಿತ್ತಿ ತಗದ್ರು, ಕಣ್ಣಿನ ತೂತು ದೊಡ್ಡ ಮಾಡಿದ್ರು, ಬಿಳೀ ಬಣ್ಣ ಹೊಡದ್ರು. ಪರಿಚಯದ ಮಾರಿಯೊಳಗಿಂದ ಭಾವನಾ ಎಲ್ಲಾ ತಗದ ಮ್ಯಾಲೆ ಏನ್ ಉಳೀತೈತಿ, ಅದೇ ಆ ಬಿಳೀ ಮಾರಿ. ರೊಕ್ಕಾ ಇದ್ದಿದ್ರ ಇಷ್ಟ ಚೊಲೊ ಆಗ್ತಿದ್ದಿಲ್ಲ ಅಂತ ನಾ ಗಟ್ಟಿಯಾಗಿ ಹೇಳ್ತೇನಿ.

ನಾಕನೇದು ನಿಯಮ. ದೊಡ್ಡ ದೆವ್ವಕ್ಕ ಒಂದ್ ಸಾಲಿನ ಕಾನೂನು ಇರ್ತೈತಿ, ಸಣ್ಣ ಹುಡುಗೂರಿಗೂ ಹೇಳಾಕ ಬರೋವಂಥಾದ್ದು. ಮಲಗಿದ್ರ ಫ್ರೆಡ್ಡಿ ಬರ್ತಾನ. ಜಪಾನಿನ ರಿಂಗು ಸಿನಿಮಾದಾಗಿನ ಶಾಪದ ವಿಡಿಯೋ ಟೇಪ್ ನೋಡಿದ್ರ ಏಳ ದಿನದಾಗ ಸದಾಕೊ ಅನ್ನೋ ದೆವ್ವ ಬರ್ತಾಳ. ಬಿಸಲು ಬಿದ್ರ ಡ್ರಾಕುಲಾ ಸುಟ್ಟ ಹೋಗ್ತಾನ. ಈ ಬಿಸಲಿನ ಕಥಿ ಗೊತ್ತಿದ್ರ ನಿಮ್ಮ ವಾದಕ್ಕ ತೂಕಾ ಬರ್ತೈತಿ. 1897ರ ಮೂಲ ಕಾದಂಬರಿಯೊಳಗ ಡ್ರಾಕುಲಾ ಹಗಲೊತ್ತನ್ಯಾಗ ಲಂಡನ್ನಿನಾಗ ತಿರಗಾಡ್ತಾನ, ಏನೂ ಆಗೂದಿಲ್ಲ, ಶಕ್ತಿ ಅಷ್ಟ ಕಮ್ಮಿ. ಬಿಸಲಿಗೆ ಸಾಯೋದು ಬಂದಿದ್ದು 1922ರ ಜರ್ಮನ್ ಮೂಕಿ ಸಿನಿಮಾ ನೊಸ್ಫೆರಾಟುದಿಂದ. ಆ ಸಿನಿಮಾದವ್ರು ಹಕ್ಕು ತಗೊಳ್ಳದ ಕಥಿ ಎತ್ತಿ ಹೆಸರು ಬದ್ಲಿ ಮಾಡಿ ಕೌಂಟ್ ಓರ್ಲಾಕ್ ಅಂತ ಇಟ್ಟಿದ್ರು, ಕಾದಂಬರಿ ಬರದ ಬ್ರಾಮ್ ಸ್ಟೋಕರ್ ಹೆಂಡತಿ ಕೋರ್ಟಿಗೆ ಹೋದ್ಲು, ಎಲ್ಲಾ ಪ್ರಿಂಟ್ ನಾಶ ಮಾಡ್ರಿ ಅಂತ ತೀರ್ಪು ಬಂತು, ಆದ್ರ ಕೆಲವು ಪ್ರಿಂಟ್ ಉಳಕೊಂಡ್ವು. ಕೋರ್ಟ್ ಸುಡು ಅಂದ ಸಿನಿಮಾದಿಂದ ಹುಟ್ಟಿದ ನಿಯಮ ಇವತ್ತ ಜಗತ್ತಿನಾಗ ಎಲ್ಲಾರೂ ನಂಬೋ ನಿಯಮ ಆಗೇತಿ.

ಸದಾಕೊ ಬಗ್ಗೆ ಎರಡ ಮಾತು ಹೆಚ್ಚ ಹೇಳ್ಲೇಬೇಕು. 1998ರ ರಿಂಗು, ನಿರ್ದೇಶಕ ಹಿದೆಯೊ ನಕಾತಾ. ಟಿವಿಯೊಳಗಿಂದ ಹೊರಗ ಬರೋ ಆ ನಡಗಿ ನೋಡಿದ್ರ ಕಾಲು ಕೈ ಕೀಲು ತಪ್ಪಿದಂಗ ಕಾಣಸ್ತೈತಿ, ಕಂಪ್ಯೂಟರ್ ಅಲ್ಲ ಅದು, ನಟಿ ರಿಯೆ ಇನೊ ಹಿಂದ ಹಿಂದ ನಡದಿದ್ದನ್ನ ಶೂಟ್ ಮಾಡಿ ಆಮ್ಯಾಲೆ ರೀಲ್ ಉಲ್ಟಾ ಓಡ್ಸ್ಯಾರ. ಬಿಳೀ ಬಟ್ಟಿ, ಮಾರಿ ಮುಚ್ಚೋ ಕರೀ ಕೂದ್ಲು, ಬಾವಿ, ಇವೆಲ್ಲಾ ಜಪಾನಿನ ಹಳೇ ದೆವ್ವದ ಕಥಿಯೊಳಗಿನಾವು. ನಮ್ಮ ಕಡೆ ಅವ್ವ ಕಾಕು ಎಲ್ಲಾರೂ ಕೇಳಿದ ಮೋಹಿನಿನೂ ಬಿಳೀ ಸೀರಿ ಬಿಚ್ಚಿದ ಕೂದ್ಲಿನಾಕಿನ, ಹಿಂಗಾಗಿ ಚಿತ್ರದ ಪರೀಕ್ಷಾದಾಗ ನಮ್ಮ ಜಡ್ಜ್ ಸದಾಕೊನ್ನ ನೋಡಿ "ಇದು ನಮ್ಮ ಮೋಹಿನಿ ಅಲ್ಲೇನ" ಅನ್ನೋ ಸಾಧ್ಯತಾ ಭಾಳ. ಅದನ್ನ ಸದಾಕೊಗೆ ಪಾಯಿಂಟ್ ಅಂತ ಹಿಡೀಬೇಕೋ ಕಳೀಬೇಕೋ, ನೀವ ಜಗಳ ಹಚ್ಚಿಕೋರಿ, ನಾ ಕಳೀತೇನಿ.

ನಡುವ ಎರಡ ಬಲಿ ಅದಾವು, ಬೀಳಬ್ಯಾಡ್ರಿ. ಫ್ರಾಂಕೆನ್‌ಸ್ಟೈನ್ ಅನ್ನೋದು ಅದನ್ನ ಮಾಡಿದ ವಿಜ್ಞಾನಿ ಹೆಸರು, ಆ ಜೀವಿಗೆ ಹೆಸರಿಲ್ಲ, ಇದನ್ನ ಎತ್ತಿ ತೋರ್ಸಿ ಯಾರರ ನಿಮ್ಮ ಬಾಯಿ ಮುಚ್ಚಸಾಕ ನೋಡ್ತಾರ, "ಹೌದು, ಹೆಸರ ಇಲ್ಲದ ಇಷ್ಟ ಮಂದಿಗೆ ಗೊತ್ತಾಗ್ಯಾನಲ್ಲ" ಅಂತ ತಿರುಗಿಸಿ ಹಾಕ್ರಿ. ಇನ್ನೊಂದು ಜೇಸನ್. 1980ರ ಮೊದಲನೇ ಫ್ರೈಡೇ ದಿ 13ತ್ ಸಿನಿಮಾದಾಗ ಕೊಲೆ ಮಾಡೋದು ಜೇಸನ್ ಅಲ್ಲ, ಅವರವ್ವ. 1981ರ ಎರಡನೇದರಾಗ ಆಂವ ತೆಲಿಗೆ ಚೀಲಾ ಹಾಕ್ಕೊಂಡಿರ್ತಾನ, ಆ ಹಾಕಿ ಆಟದ ಮುಖವಾಡ ಬರೋದು 1982ರ ಮೂರನೇದರಾಗ. 1996ರ ಸ್ಕ್ರೀಮ್ ಸಿನಿಮಾದ ಮೊದಲನೇ ಸೀನ್‌ನಾಗ ಆ ಮೊದಲನೇ ಸಿನಿಮಾದ ಕೊಲೆಗಾರ ಯಾರು ಅನ್ನೋ ಪ್ರಶ್ನಿಗೆ ತಪ್ಪ ಉತ್ತರ ಕೊಟ್ಟ ಹುಡುಗಿ ಗತಿ ಏನಾತು ಅಂತ ನೋಡಿದವರಿಗೆ ಗೊತ್ತು.

ಈಗ ನಂಗ ಎಲ್ಲಾದರಕಿಂತ ಹತ್ತಿರದ ಮಾತು. ಈ ವಾದದಾಗ ನಮ್ಮಾವು ಎಲ್ಲಿ? ಹೆಸರ ತಗೀರಿ ಅಂದ್ರ ಎಲ್ಲಾರೂ ಇಂಗ್ಲಿಷ್ ಹೆಸರ ತಗೀತಾರ, ಆದ್ರ ಪರೀಕ್ಷಾ ಇಡೋದು ನಮ್ಮ ಊರಿನ ಜಡ್ಜ್ ಮುಂದ, ಆಕಿಗೆ ಪಿನ್‌ಹೆಡ್ ಗೊತ್ತಿಲ್ಲ, ಚಕ್ಕಿ ಗೊತ್ತಿಲ್ಲ, ಗೊತ್ತಿರಬೇಕು ಅಂತನೂ ಇಲ್ಲ. 1979ರ ನಾ ನಿನ್ನ ಬಿಡಲಾರೆ ನೋಡಿದ ಮಂದಿಗೆ ಇವತ್ತಿಗೂ ಕಾಮಿನಿ ಅಂದ್ರ ಸಾಕು. 1984ರ ಪುರಾನಾ ಮಂದಿರ್‌ನ ಸಾಮ್ರಿ, ರಾಮ್ಸೇ ಅಣ್ಣತಮ್ಮಂದಿರ ಸಿನಿಮಾ, ಅನಿರುದ್ಧ ಅಗರ್ವಾಲ್ ಅವರ ಆ ಎತ್ತರ, ಆ ಮಾರಿ. ಇನ್ನ ಮಾರಿನ ಇಲ್ಲದ ಒಂದ್ ದೆವ್ವ ನಮ್ಮದು ಐತಿ: ಬಾಗಲಾ ಬಡದು ಪರಿಚಯದವರ ದನಿಯೊಳಗ ಕರೀತೈತಿ ಅಂತ ಹೆದರಿ ಕರ್ನಾಟಕದಾಗ ಮಂದಿ ಮನಿ ಬಾಗಲಾಕ್ಕ "ನಾಳೆ ಬಾ" ಅಂತ ಬರೀತಿದ್ರಲ್ಲ, ಅದು. 2018ರ ಹಿಂದಿ ಸ್ತ್ರೀ ಸಿನಿಮಾ ಆ ನಂಬಿಕಿ ಮ್ಯಾಲೆನ ನಿಂತೈತಿ. ನಿಯಮದ ಪರೀಕ್ಷಾದಾಗ ಜಗತ್ತಿನ ಯಾವ ದೆವ್ವಕ್ಕೂ ಇದು ಕಮ್ಮಿ ಇಲ್ಲ, ಎರಡ ಶಬ್ದದಾಗ ನಿಯಮ, ಅದೂ ಬಾಗಲ ಮ್ಯಾಲೆ ಬರದು ದೆವ್ವಕ್ಕ ಓದಾಕ ಇಟ್ಟಿದ್ದು.

ಆದ್ರ ಫೈನಲ್‌ಗೆ ನಾ ತರೋದು ನಾಗವಲ್ಲಿನ್ನ. ಪರೀಕ್ಷಾ ಒಂದೊಂದಾಗಿ ಹಚ್ಚಿ ನೋಡ್ರಿ. ಚಿತ್ರ: ಹರವಿದ ಕೂದ್ಲು, ದೊಡ್ಡ ಕುಂಕುಮ, ಅಗಲ ಕಣ್ಣು, ಮೈ ತುಂಬ ಆಭರಣ. ಸೌಂಡ್: ಕತ್ತಲಾಗ ಗೆಜ್ಜಿ, ಅದರ ಹಿಂದ ರಾ ರಾ ಹಾಡು, ಐದ ಸೆಕೆಂಡ್ ಬ್ಯಾಡ, ಎರಡ ಸಾಕು. ನಟ ಬದಲಾವಣಿ: 1993ರ ಮಲಯಾಳಂ ಮಣಿಚಿತ್ರತಾಳುದಾಗ ಶೋಭನಾ, ಅದಕ್ಕ ರಾಷ್ಟ್ರಪ್ರಶಸ್ತಿ ಬಂತು, 2004ರ ಆಪ್ತಮಿತ್ರದಾಗ ಸೌಂದರ್ಯ, 2005ರ ತಮಿಳಿನಾಗ ಜ್ಯೋತಿಕಾ, 2007ರ ಹಿಂದಿಯೊಳಗ ವಿದ್ಯಾ ಬಾಲನ್. ತಮಿಳಿನಾಗ ಹೆಸರು ಚಂದ್ರಮುಖಿ ಆತು, ಹಿಂದಿಯೊಳಗ ಮಂಜುಲಿಕಾ ಆತು, ಹೆಸರು ಹೋದ್ರೂ ಆಕಿ ಹೋಗ್ಲಿಲ್ಲ. ಆಪ್ತಮಿತ್ರ ತೆರಿಗೆ ಬರೋದ್ರೊಳಗ ಸೌಂದರ್ಯ ವಿಮಾನ ಅಪಘಾತದಾಗ ತೀರಕೊಂಡಿದ್ರು, ಅದನ್ನ ಗೊತ್ತಿದ್ದು ಆ ಕೊನೀ ನೃತ್ಯ ನೋಡೋ ಮಂದಿಗೆ ಅದು ಬರೇ ಹಾರರ್ ಆಗಿ ಉಳಿಯೂದಿಲ್ಲ.

ವಿರೋಧಿ ಏನಂತಾನ ಗೊತ್ತೈತಿ: "ಆಕಿ ದೆವ್ವನ ಅಲ್ಲ, ಅದು ಆಪ್ತಮಿತ್ರದಾಗ ಸೌಂದರ್ಯ ಮಾಡಿದ ಗಂಗಾನ ಮನಸಿನ ರೋಗ, ವಿಷ್ಣುವರ್ಧನ್ ಡಾಕ್ಟರ್ ಆಗಿ ಬಿಡಿಸಿ ಹೇಳ್ತಾರಲ್ಲ." ಹೇಳ್ಲಿ. ಸೈಕೋದ ಕೊಲೆಗಾರ ನಾರ್ಮನ್ ಬೇಟ್ಸ್‌ನ ಅವ್ವನೂ ಅವನ ತೆಲಿಯೊಳಗನ ಇರ್ತಾಳ, ಸೈಕೋ ಕೊನಿಗೂ ಒಬ್ಬ ಡಾಕ್ಟರ್ ಕೂತು ಬಿಡಿಸಿ ಹೇಳ್ತಾನ, ಅದಕ್ಕ ಆಂವನ್ನ ಯಾರೂ ಪಟ್ಟಿಯಿಂದ ತಗೀಲಿಲ್ಲ. ಬೇಟ್ಸ್ ಒಳಗಿದ್ರ ನಾಗವಲ್ಲಿನೂ ಒಳಗ.

ವಾದ ಮಾಡೋ ರೀತಿ ಬಗ್ಗೆ ಸ್ವಲ್ಪ. ಫೈನಲ್‌ಗೆ ಎರಡ ಹೆಸರು ಉಳಿದ್ವಂದ್ರ ಚೀಟಿ ಎತ್ತಿ ಪಕ್ಷ ಅದಲ ಬದಲ ಮಾಡ್ರಿ, ನಿಮ್ಮ ಪ್ರೀತಿ ದೆವ್ವದ ವಿರುದ್ಧ ನೀವ ಮಾತಾಡಬೇಕು, ಅವಾಗ ಖರೇ ಪಾಯಿಂಟ್ ಹೊರಗ ಬರ್ತಾವು. ನೋಡದವರ ಮುಂದ ಕ್ಲೈಮ್ಯಾಕ್ಸ್ ಒಡೀಬ್ಯಾಡ್ರಿ, ಕೇಳಿ ಒಡೀರಿ. "ಓವರ್‌ರೇಟೆಡ್" ಅಂತ ಒಂದ್ ಶಬ್ದ ಒಗದು ಸುಮ್ನ ಕೂರೋದು ನಡಿಯಂಗಿಲ್ಲ, ಯಾಕ ಅಂತ ಎರಡ ಸಾಲು ಹೇಳಬೇಕು. ಇನ್ನೊಂದು, ಕೂತವರೊಳಗ ಯಾರಿಗರ ಖರೇನ ನಂಬಿಕಿ ಇರ್ತೈತಿ, ಅಮಾಸಿ ದಿನ ಈ ಮಾತ ಬ್ಯಾಡ ಅಂತಾರ, ಮನಿಯೊಳಗ ಯಾರಿಗೋ ಗಾಳಿ ಬಡದಿತ್ತು ಅಂತಾರ, ಅವರನ್ನ ನಕ್ಕು ಸಣ್ಣವರನ್ನ ಮಾಡಬ್ಯಾಡ್ರಿ, ಇನ್ನೊಂದ್ ದಿನ ಇಟ್ಕೋರಿ, ಸಿನಿಮಾ ಎಲ್ಲೂ ಓಡಿ ಹೋಗೂದಿಲ್ಲ.

ತೀರ್ಪು ಹಿಂಗ: ಒಬ್ಬೊಬ್ಬರು ಮೂರ ಮೂರ ಹೆಸರು ಬರದು ಕೊಡ್ರಿ, ಚಿತ್ರದಾಗೂ ಸೌಂಡಿನಾಗೂ ಜಡ್ಜ್‌ಗೆ ಗುರುತ ಸಿಗಲಾರದ ಹೆಸರೆಲ್ಲಾ ಹೊಡದ ಹಾಕ್ರಿ, ಉಳದಾವುಗಳ ಮ್ಯಾಲೆ ಮಾತ್ರ ಮಾತಾಡ್ರಿ. ನನ್ನ ಲೆಕ್ಕದಾಗ ಕೊನಿಗೆ ಡ್ರಾಕುಲಾ ಮತ್ತ ನಾಗವಲ್ಲಿ ಉಳೀಬೇಕು. ಡ್ರಾಕುಲಾ ಪರ ಇದ್ದಾಂವ "ನೂರ ವರ್ಷ ಎಲ್ಲಿ, ಮೂವತ್ತ ವರ್ಷ ಎಲ್ಲಿ" ಅಂತ ಕೇಳೇ ಕೇಳ್ತಾನ. ಅವಾಗ ವಯಸ್ಸಿನ ಲೆಕ್ಕ ತಗೀರಿ. 1922ರ ಓರ್ಲಾಕ್ ಜರ್ಮನ್, 1931ರ ಲುಗೋಸಿ ಇಂಗ್ಲಿಷ್, ಅದೇ ವರ್ಷ ಅದೇ ಸೆಟ್‌ನಾಗ ರಾತ್ರಿ ಪಾಳಿಯೊಳಗ ಬ್ಯಾರೆ ನಟರನ್ನ ಹಾಕ್ಕೊಂಡು ಯೂನಿವರ್ಸಲ್‌ನವರು ತಗದಿದ್ದು ಸ್ಪ್ಯಾನಿಷ್, ಅಂದ್ರ ಒಂಬತ್ತ ವರ್ಷದಾಗ ಮೂರ ಭಾಷಾ. ನಾಗವಲ್ಲಿದು 1993ರಿಂದ 2007ರೊಳಗ ಹದಿನಾಕ ವರ್ಷ, ಮಲಯಾಳಂ, ಕನ್ನಡ, ತಮಿಳು, ಹಿಂದಿ, ನಾಕ ಭಾಷಾ. 2010ರಾಗ ನಮ್ಮಲ್ಲಿ ಆಪ್ತರಕ್ಷಕ ಬಂತು, ಅದೇ ವರ್ಷ ತೆಲುಗಿನಾಗ ಆಕಿ ಹೆಸರಿನ ಸಿನಿಮಾನ ಬಂತು. ಅಷ್ಟ ವಯಸ್ಸಿಗೆ ಆಂವ ಏನ್ ಮಾಡಿದ್ದ ಅಂತ ವಾಪಸ್ ಕೇಳ್ರಿ, ಅಲ್ಲಿಂದ ಮುಂದ ನಿಮ್ಮ ನಿಮ್ಮ ಬಲ.